ಠಾಣೆಯಲ್ಲಿ ಉಳಿದ ಟಗರು, ಉಳಿಯದ ಸಾಹೇಬರು

ವರ್ಗಾವಣೆಯ ಆದೇಶಗಳಿಗೆ ಸಹಿ ಹಾಕುವ ಮಾನ್ಯರೇ,

ಬರುವ ಗುರುವಾರ ಬೆಳಿಗ್ಗೆ ಬಸವನಬಂಡೆ ಪೊಲೀಸ್ ಠಾಣೆಯ ಅಂಗಳದಲ್ಲಿ ನನ್ನ ಅಪ್ಪನ ಟಗರನ್ನು ಹರಾಜು ಹಾಕುತ್ತಾರೆ. ನೋಟಿಸಿನಲ್ಲಿ ಅದನ್ನು ‘ವಾರಸುದಾರರಿಲ್ಲದ ಮಾಲು’ ಎಂದು ಕರೆದಿದ್ದಾರೆ. ಆ ನೋಟಿಸನ್ನು ಠಾಣೆಯ ಗೋಡೆಗೆ ಅಂಟಿಸುವಾಗ ಅಂಟಿನ ಡಬ್ಬಿ ಹಿಡಿದುಕೊಂಡು ಪಕ್ಕದಲ್ಲಿ ನಿಂತಿದ್ದವರು ಆ ಮಾಲಿನ ವಾರಸುದಾರರಾದ ನನ್ನ ಅಪ್ಪ ಬೀರಲಿಂಗಯ್ಯನವರು. ಮೂರು ವರ್ಷದಿಂದ ದಿನಾ ಬೆಳಿಗ್ಗೆ ಅಲ್ಲಿಗೆ ಹೋಗಿ ಟಗರಿಗೆ ಸೊಪ್ಪು ಹಾಕಿ, ನೀರು ಕುಡಿಸಿ ಬರುತ್ತಾರಾದ್ದರಿಂದ ಠಾಣೆಯವರು ಇಂಥ ಸಣ್ಣಪುಟ್ಟ ಕೆಲಸಕ್ಕೆಲ್ಲ ಅವರನ್ನೇ ಕರೆಯುತ್ತಾರೆ. “ಇದೇನ್ಲಾ ಗಂಗಯ್ಯ ಬರ್ದೈತೆ?” ಎಂದು ಅಪ್ಪ ಹೆಡ್ ಕಾನ್‌ಸ್ಟೇಬಲ್ ಗಂಗಯ್ಯನವರನ್ನು ಕೇಳಿದರಂತೆ. ಗಂಗಯ್ಯ ಗೋಡೆ ಕಡೆಗೇ ಮುಖ ಮಾಡಿಕೊಂಡು, “ಏನೂ ಇಲ್ಲ ಕಣಣ್ಣೋ, ಆಫೀಸ್ ಇಸ್ಯ” ಎಂದರಂತೆ.

ನಾನು ಕನಕಪುರದ ಒಂದು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವಳು. ಇನ್ನೂರು ಮುನ್ನೂರು ವರ್ಷ ಆಳಿದ ರಾಜವಂಶಗಳನ್ನು ಒಂದೊಂದು ಪೀರಿಯಡ್ಡಿನಲ್ಲಿ ಮುಗಿಸಿ, ಗಂಟೆ ಹೊಡೆಯುವುದರೊಳಗೆ ಅವನತಿಗೆ ಕಾರಣಗಳನ್ನೂ ಬರೆಸಿಬಿಡುತ್ತೇನೆ. ನಮ್ಮ ಠಾಣೆಯ ಈ ಮೂರು ವರ್ಷದ ಆಳ್ವಿಕೆಯನ್ನು ಮಾತ್ರ ನನ್ನಿಂದ ಅಷ್ಟು ಚಿಕ್ಕದಾಗಿ ಹೇಳಲು ಆಗುವುದಿಲ್ಲ. ತಾವು ಕಳಿಸಿದವರ ಬಗ್ಗೆ ತಮಗೇ ಹೇಳಬೇಕಾಗಿ ಬಂದಿರುವುದಕ್ಕೆ ಕ್ಷಮೆ ಇರಲಿ. ಕಳಿಸಿದ ಮೇಲೆ ಅವರು ಏನು ಮಾಡಿದರೆಂದು ತಿಳಿದುಕೊಳ್ಳುವಷ್ಟು ಪುರುಸೊತ್ತು ತಮಗೆ ಎಲ್ಲಿದೆ? ಅಷ್ಟರಲ್ಲಿ ಅವರನ್ನು ವಾಪಸ್ ಕರೆಸಿಕೊಳ್ಳುವ ಕೆಲಸ ಇರುತ್ತದಲ್ಲ!

ಬಸವನಬಂಡೆ ಎಲ್ಲಿದೆಯೆಂದು ನಕ್ಷೆ ಬಿಚ್ಚುವ ತೊಂದರೆ ತೆಗೆದುಕೊಳ್ಳಬೇಡಿ. ಕನಕಪುರದಿಂದ ರಾಮನಗರದ ಕಡೆ ಹೋಗುವ ಬಸ್ಸನ್ನು ಡ್ರೈವರು ಟೀ ಕುಡಿಯಲು ನಿಲ್ಲಿಸುವ ಊರು ಅದು. ತಮ್ಮ ಇನ್ಸ್‌ಪೆಕ್ಟರುಗಳೂ ಹೆಚ್ಚುಕಮ್ಮಿ ಅಷ್ಟೇ ಹೊತ್ತು ನಿಲ್ಲುತ್ತಾರೆ. ನಮ್ಮ ವರ್ತಕರ ಸಂಘದವರು ಬುದ್ಧಿವಂತರು. ಬಂದವರಿಗೊಂದು ಫ್ಲೆಕ್ಸು, ಹೋದವರಿಗೊಂದು ಫ್ಲೆಕ್ಸು ಎಂದು ಪ್ರಿಂಟ್ ಹಾಕಿಸಿ ಹಾಕಿಸಿ ಸಾಕಾಗಿ, ಈಗ ಒಂದೇ ಬ್ಯಾನರಿನ ಈ ಮಗ್ಗುಲಿಗೆ ‘ಹಾರ್ದಿಕ ಸುಸ್ವಾಗತ’, ಆ ಮಗ್ಗುಲಿಗೆ ‘ಹೋಗಿ ಬನ್ನಿ’ ಎಂದು ಬರೆಸಿಟ್ಟುಕೊಂಡಿದ್ದಾರೆ. ಫೋಟೋ ಇರಬೇಕಾದ ಕಡೆ ಒಂದು ಟೋಪಿ, ಅದರ ಕೆಳಗೆ ಒಂದು ಮೀಸೆ, ಅಷ್ಟೇ. ಒಬ್ಬ ಮೇಡಂ ಬಂದಾಗ ಮಾತ್ರ ಮೀಸೆಯ ಮೇಲೆ ಸೇವಂತಿಗೆ ಹಾರ ಇಳಿಬಿಟ್ಟು ಮಾನ ಮುಚ್ಚಬೇಕಾಯಿತು. ಬೀಳ್ಕೊಡುಗೆಗೆ ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ, ಚನ್ನಪಟ್ಟಣದ ಕುದುರೆ ಗೊಂಬೆ. ಪೇಟವನ್ನು ಫೋಟೋ ತೆಗೆದ ಕೂಡಲೇ ವಾಪಸ್ ಇಸಿದುಕೊಳ್ಳುತ್ತಾರೆ, ಮುಂದಿನವರಿಗೆ ಬೇಕಾಗುತ್ತದೆ ನೋಡಿ.

ಈಗ ಟಗರಿನ ವಿಷಯ. ಅದರ ಹೆಸರು ಕೆಂಚ. ಹುಟ್ಟಿದ ದಿನವೇ ತಾಯಿ ಸತ್ತುಹೋಗಿ, ಅಪ್ಪ ಅದನ್ನು ಕಂಬಳಿಯಲ್ಲಿ ಸುತ್ತಿಕೊಂಡು, ಬಾಟಲಿಯಲ್ಲಿ ಮೇಕೆ ಹಾಲು ಕುಡಿಸಿ ಉಳಿಸಿಕೊಂಡರು. ನನ್ನ ಅವ್ವ ಕೃಷ್ಣಮ್ಮನಿಗೆ ಆ ಹೊಟ್ಟೆಕಿಚ್ಚು ಇನ್ನೂ ಹೋಗಿಲ್ಲ. “ಹೆತ್ತ ಮಕ್ಳು ಬಡ್ಕಂಡ್ರೂ ಈ ವಯ್ಯ ಮಗ್ಗುಲು ಬದ್ಲಾಯಿಸ್ನಿಲ್ಲ. ಕುರಿಮರಿ ಮ್ಯಾ ಅಂದ್ರೆ ಎದ್ದು ಕೂತ್ಕಳೋದು!” ಎಂದು ಬಂದ ನೆಂಟರಿಗೆಲ್ಲ ಹೇಳುತ್ತಾಳೆ. ಇಂಥ ಕೆಂಚನನ್ನು ಮೂರು ವರ್ಷದ ಹಿಂದೆ, ದಸರಾ ಕಳೆದ ಮೇಲೆ, ನಮ್ಮ ದೊಡ್ಡಿಯಿಂದ ಒಬ್ಬ ಮಹಾನುಭಾವ ಆಟೋದಲ್ಲಿ ಹಾಕಿಕೊಂಡು ಹೋದ.

ಆಗ ಠಾಣೆಯನ್ನು ಆಳುತ್ತಿದ್ದವರು ಸೀಟಿ ಸಾಹೇಬರು. ಊರು ಇಟ್ಟ ಹೆಸರುಗಳನ್ನೇ ಬಳಸುತ್ತೇನೆ. ನಿಜವಾದ ಹೆಸರು ಬಾಯಿಪಾಠ ಆಗುವಷ್ಟು ದಿನ ಯಾರನ್ನೂ ತಾವು ಇಟ್ಟವರಲ್ಲ. ಸೀಟಿ ಸಾಹೇಬರು ಬಂದ ವಾರವೇ ನಮ್ಮ ಪೇಟೆ ಬೀದಿಯನ್ನು ಒನ್‌ವೇ ಮಾಡಿದರು. ಈ ತುದಿಯಲ್ಲಿ ಸೀನಿದರೆ ಆ ತುದಿಯವರು ಶತಾಯುಸ್ಸು ಎನ್ನುವಷ್ಟು ಉದ್ದದ ಬೀದಿ ಅದು. ಅದಕ್ಕೊಂದು ಬೋರ್ಡು, ಬೋರ್ಡಿನ ಪಕ್ಕ ಒಂದು ಕುರ್ಚಿ, ಕುರ್ಚಿಯ ಮೇಲೆ ಸ್ವತಃ ಸಾಹೇಬರು, ಅವರ ಬಾಯಲ್ಲಿ ಸೀಟಿ. ಕಳ್ಳನ ಗ್ರಹಚಾರಕ್ಕೆ ಅವನು ಅಡ್ಡದಾರಿ ಹಿಡಿದು ಒನ್‌ವೇಯಲ್ಲಿ ಎದುರು ಬಂದ. ಸೀಟಿ ಊದಿದರು. ಆಟೋದೊಳಗಿನಿಂದ ಕೆಂಚ ಉತ್ತರ ಕೊಟ್ಟ. ಕಳ್ಳ ಅಲ್ಲೇ ಕೈಮುಗಿದು, “ತಪ್ಪಾಯ್ತು ಸಾಮಿ, ಬೀರಲಿಂಗಣ್ಣನ ಮನೇದು” ಎಂದು ಒಪ್ಪಿಕೊಂಡ. ಆದರೂ ಅವನ ಮೇಲೆ ಮೊದಲು ಬಿದ್ದದ್ದು ಒನ್‌ವೇ ಕೇಸು, ಟಗರು ಆಮೇಲೆ ಸೇರಿಕೊಂಡಿತು.

ಕಥೆ ಅಲ್ಲಿಗೇ ಮುಗಿಯಬೇಕಿತ್ತು, ಅಲ್ಲವೇ? ನ್ಯಾಯಾಲಯವೂ ಒಂದೇ ಸಾಲಿನಲ್ಲಿ ಹೇಳಿತು: ಮಾಲೀಕರು ಯಾರೆಂದು ಠಾಣಾಧಿಕಾರಿಗಳು ಖಾತ್ರಿ ಮಾಡಿಕೊಂಡು, ಸಹಿ ಹಾಕಿ, ಟಗರನ್ನು ಬಿಟ್ಟುಕೊಡತಕ್ಕದ್ದು. ಸೀಟಿ ಸಾಹೇಬರು ಆ ‘ಖಾತ್ರಿ’ಯನ್ನು ಬಹಳ ಗಂಭೀರವಾಗಿ ತೆಗೆದುಕೊಂಡರು. ಆರೋಪಿಗಳನ್ನು ಗುರುತಿಸಲು ಒಂದೇ ಹೋಲಿಕೆಯ ನಾಲ್ಕಾರು ಜನರನ್ನು ಸಾಲಾಗಿ ನಿಲ್ಲಿಸುತ್ತಾರಲ್ಲ, ಹಾಗೆ ಟಗರುಗಳ ಪೆರೇಡು ಮಾಡಿಸುವುದೆಂದು ತೀರ್ಮಾನವಾಯಿತು. “ಇದೇ ತರಾ ಇರೋ ಟಗರು ಒಂದೈದಾರು ತಗೊಂಬನ್ನಿ” ಎಂದು ಅಪ್ಪನಿಗೇ ಹೇಳಿದರು. ಬೇರೆ ಯಾರಾದರೂ ಆಗಿದ್ದರೆ ಸಂತೆಯಿಂದ ಒಂದು ಬಿಳಿಯದು, ಒಂದು ಕರಿಯದು, ಒಂದು ಕೊಂಬು ಮುರಿದದ್ದು ತಂದು ನಿಲ್ಲಿಸಿ ಗೆದ್ದುಕೊಂಡು ಬರುತ್ತಿದ್ದರು. ಆದರೆ ಮೂರು ತಲೆಮಾರಿನಿಂದ ಕುರಿ ಸಾಕಿದವನಿಗೆ ‘ಒಂದೇ ತರಾ ಇರಬೇಕು’ ಎಂದರೆ ಅದೊಂದು ಸವಾಲು. ನಮ್ಮ ಮನೆಯಲ್ಲೊಂದು ಪದ್ಧತಿ ಇದೆ. ನೆಂಟರಲ್ಲಿ ಯಾರ ಮದುವೆಯಾದರೂ ಅಪ್ಪ ಮುಯ್ಯಿಗೆ ತನ್ನ ಹಿಂಡಿನದೇ ಮರಿ ಕೊಡುತ್ತಾರೆ. ಕೊಡುವ ಮುಂಚೆ ನಮ್ಮ ಮನೆತನದ ಗುರುತು ಎಂದು ಎಡಗಿವಿಯ ತುದಿಗೆ ಒಂದು ಕಚ್ಚು ಹಾಕುತ್ತಾರೆ. ಮರಿ ಕೊಟ್ಟ ಮೇಲೂ ತಿಂಗಳಿಗೊಮ್ಮೆ ಹೋಗಿ ಅದಕ್ಕೆ ಬೆಲ್ಲ ತಿನ್ನಿಸಿ ಬರುತ್ತಾರೆ. ಪೆರೇಡಿಗೆ ಅಪ್ಪ ತಂದದ್ದು ಈ ಬೀಗರ ಮನೆ ಟಗರುಗಳನ್ನೇ. ಬೈರಮಂಗಲದ ಚಿಕ್ಕಪ್ಪನ ಮನೆಯಿಂದ ಒಂದು, ದೊಡ್ಡಮಳೂರಿನ ಅತ್ತೆಯ ಮನೆಯಿಂದ ಒಂದು, ಹೀಗೆ ಟೆಂಪೋ ಮಾಡಿಕೊಂಡು ಊರೂರು ಸುತ್ತಿ ಕೆಂಚನ ಅಣ್ಣತಮ್ಮಂದಿರನ್ನೆಲ್ಲ ಒಟ್ಟುಮಾಡಿದರು. ಅದೇ ಮುಖ, ಅದೇ ಕೊಂಬು, ಅದೇ ಕಿವಿಕಚ್ಚು.

ಸಾಲು ನಿಂತಿತು. ಊರೂ ನಿಂತಿತು. ಅಪ್ಪ ನೇರವಾಗಿ ಹೋಗಿ ಕೆಂಚನ ಕುತ್ತಿಗೆ ತಬ್ಬಿಕೊಂಡು, “ಇದೇಯ” ಎಂದರು. “ಹೇಗೆ ಹೇಳ್ತೀರಿ?” ಎಂದರು ಸಾಹೇಬರು. “ಮಕ ನೋಡುದ್ರೆ ಗೊತ್ತಾಗಕಿಲ್ವಾ ಸಾಮಿ?” “ಮುಖ ಎಲ್ಲದರದ್ದೂ ಒಂದೇ ಇದೆಯಲ್ರಿ! ದೂರ ನಿಂತು ಕರೀರಿ, ಯಾವುದು ಬರುತ್ತೋ ಅದು ನಿಮ್ಮದು.” ಅಪ್ಪ ಗೇಟಿನ ಹತ್ತಿರ ನಿಂತು, ನಾಲಿಗೆ ಲೊಚಗುಟ್ಟಿಸಿ, “ಬಾರ್ಲಾ ಮಗಾ” ಎಂದರು. ಅಯ್ಯೋ ದೇವರೇ! ಬೆಲ್ಲದ ಕೈ ಕಂಡ ಅಷ್ಟೂ ಟಗರುಗಳು ಒಟ್ಟಿಗೆ ನುಗ್ಗಿದವು. ಒಂದು ಸಾಹೇಬರ ಕಾಲ ಸಂದಿಯಲ್ಲಿ ನುಸುಳಿತು, ಸಾಹೇಬರು ಹಿಂದುಮುಂದಾಗಿ ಅದರ ಮೇಲೆ ಕೂತು ಗೇಟಿನವರೆಗೂ ಬಂದರು. ಸಂಜೆ ವರದಿ ಬರೆಸಿದ್ದು ಹೀಗೆ: “ಎಲ್ಲಾ ಟಗರುಗಳೂ ಫಿರ್ಯಾದಿಯನ್ನು ಗುರುತಿಸಿರುತ್ತವೆ. ಆದರೆ ಫಿರ್ಯಾದಿಯು ಯಾವ ಟಗರಿಗೆ ಸೇರಿದವರೆಂಬುದು ಖಚಿತಪಟ್ಟಿರುವುದಿಲ್ಲ.” ಅಪ್ಪ ಅಳುಮುಖ ಮಾಡಿಕೊಂಡು, “ಒಂದೇ ತರ ಇರ್ಬೇಕು ಅಂದ್ರಿ, ಒಂದೇ ತರ ತಂದಿವ್ನಿ. ಇದ್ರಲ್ಲಿ ನಂದೇನು ತಪ್ಪು?” ಎಂದು ಸಿಕ್ಕಸಿಕ್ಕವರನ್ನು ಕೇಳುತ್ತಿದ್ದರು. ಇನ್ನೊಂದು ಪೆರೇಡು ಮಾಡೋಣ, ಈ ಸಲ ಬೇರೆ ತರದ ಟಗರು ತನ್ನಿ ಎಂದು ಸಾಹೇಬರು ಒಪ್ಪಿಕೊಂಡರು. ಅಷ್ಟರಲ್ಲಿ ತಮ್ಮ ಆದೇಶ ಬಂತು, ಅವರು ಸೀಟಿಯನ್ನೂ ಕುದುರೆ ಗೊಂಬೆಯನ್ನೂ ತೆಗೆದುಕೊಂಡು ಹೊರಟರು.

ಎರಡನೆಯವರು ವಾಸ್ತು ಸಾಹೇಬರು. ಊರಲ್ಲಿ ಕಳ್ಳತನ ಆಗುವುದಕ್ಕೆ ಕಳ್ಳರು ಕಾರಣವಲ್ಲ, ಠಾಣೆಯ ಬಾಗಿಲು ಕಾರಣ ಎಂದು ಕಂಡುಹಿಡಿದವರು. ಮುಂಬಾಗಿಲಿಗೆ ಬೀಗ ಬಿತ್ತು. ದೂರು ಕೊಡಲು ಬಂದವರು ಹಿತ್ತಲಿನಿಂದ, ಬಚ್ಚಲು ದಾಟಿ, ಅನ್ನ ಬೇಯುತ್ತಿದ್ದ ಒಲೆಯ ಪಕ್ಕದಲ್ಲಿ ಬಗ್ಗಿಕೊಂಡು ಒಳಗೆ ಹೋಗಬೇಕಾಯಿತು. ಅರ್ಧ ಜನ ವಾಸನೆಗೆ ಹಸಿವಾಗಿ ವಾಪಸ್ ಹೋದರು, ಅಪರಾಧಗಳ ಸಂಖ್ಯೆ ಇಳಿಯಿತೆಂದು ಸಾಹೇಬರು ಮೇಲಕ್ಕೆ ಬರೆದರು. ಕೆಂಚನನ್ನು ಮಾತ್ರ ಬಲು ಮರ್ಯಾದೆಯಿಂದ ಈಶಾನ್ಯದಿಂದ ಬಿಚ್ಚಿ ವಾಯವ್ಯದಲ್ಲಿ ಕಟ್ಟಿಸಿದರು. ಅಪ್ಪ ಸಹಿ ಕೇಳಿದಾಗ ಆಷಾಢ. “ಆಷಾಢದಲ್ಲಿ ಯಾರಾದ್ರೂ ಮನೆಯಿಂದ ಆಚೆ ಕಳಿಸ್ತಾರೇನ್ರಿ?” ಎಂದರು. ಆಷಾಢ ಮುಗಿಯಲೆಂದು ಕಾದೆವು. ಇದೇ ಸಮಯಕ್ಕೆ ಆ ಕಳ್ಳನೂ ಬಿಡುಗಡೆಯಾಗಿ ಬಂದಿದ್ದ. ಟಗರು ಇನ್ನೂ ಅಲ್ಲೇ ಇರುವುದನ್ನು ನೋಡಿ ಅವನಿಗೇ ಬೇಜಾರಾಗಿ, ಹಿತ್ತಲ ದಾರಿಯಿಂದ ಒಳಗೆ ಹೋಗಿ, “ಸಾಮಿ, ಕದ್ದೋನು ನಾನೇ. ಯಾರ ಮನೇಲಿ ಕದ್ದೆ ಅಂತ ನಂಗೆ ಗೊತ್ತಿರಕಿಲ್ವಾ? ಇವ್ರುದೇ ಕಣ್ರೀ, ಕೊಟ್ಬುಡಿ” ಎಂದ. ಸಾಹೇಬರು ನಕ್ಕು, “ಕಳ್ಳನ ಮಾತು ನಂಬೋಕಾಗುತ್ತೇನಯ್ಯಾ?” ಎಂದರು. ಶ್ರಾವಣದ ಮೊದಲನೇ ವಾರ ತಾವು ಅವರನ್ನು ಬೇರೆ ದಿಕ್ಕಿಗೆ ಕಟ್ಟಿದಿರಿ.

ಮೂರನೆಯವರು ಫಿಟ್‌ನೆಸ್ ಸಾಹೇಬರು. ಬೆಳಗಾಗುವ ಮುಂಚೆ ಚಡ್ಡಿ ಹಾಕಿಕೊಂಡು ಊರು ಸುತ್ತುತ್ತಿದ್ದರು. ಕಾನ್‌ಸ್ಟೇಬಲ್‌ಗಳು ಯಾರೂ ಜೊತೆಗೆ ಓಡಲಾರದೆ ಒಬ್ಬರಿಗೆ ಸೊಂಟ, ಒಬ್ಬರಿಗೆ ಶುಗರು ಎಂದು ಚೀಟಿ ತಂದರು. ಚೀಟಿ ತರಲಾರದವನು ಕೆಂಚ ಒಬ್ಬನೇ. ಹಗ್ಗ ಹಿಡಿದು ಅವನನ್ನೇ ಕರೆದುಕೊಂಡು ಓಡಿದರು. ದಾರಿಯಲ್ಲಿ ಬೇಕರಿಯ ಅನೀಸಾ ಅಕ್ಕ ಸಾಹೇಬರಿಗೆ ನೀರು ಕೊಟ್ಟು ಟಗರಿಗೊಂದು ಬನ್ನು ಕೊಡುತ್ತಿದ್ದರು, ಬಾಳೆಹಣ್ಣಿನ ಅಂಗಡಿಯವರು ಒಂದು ಹಣ್ಣು. ಕೆಂಚ ಈ ಬೀಟನ್ನು ಚೆನ್ನಾಗಿ ಕಲಿತುಕೊಂಡ. ಅಪ್ಪ ಸಹಿ ಕೇಳಿದರೆ ಸಾಹೇಬರು ಹಳೆಯ ಪಂಚನಾಮೆ ತೆಗೆದು ಓದಿದರು: “ದಷ್ಟಪುಷ್ಟವಾದ ಒಂದು ಟಗರು ಅಂತ ಇದೆ. ಇದನ್ನ ನೋಡಿ, ಹೊಟ್ಟೆಯೇ ಇಲ್ಲ! ಇದು ಆ ಟಗರು ಅಂತ ನಾನು ಹೇಗೆ ಬರೆದುಕೊಡ್ಲಿ?” ಕೊಬ್ಬಿಸಿ ತೋರಿಸಿ, ಬಿಡುತ್ತೇನೆ ಎಂದು ಮಾತು ಕೊಟ್ಟರು. ಅಪ್ಪ ಹುರುಳಿ ಬೇಯಿಸಿ ತಂದು ತಿನ್ನಿಸುವುದು, ಸಾಹೇಬರು ಬೆಳಿಗ್ಗೆ ಓಡಿಸಿ ಕರಗಿಸುವುದು. ಆಗ ಮನೆಯಲ್ಲಿ ನಾವೂ ಹುರುಳಿಯನ್ನೇ ತಿಂದೆವು.

ನಾಲ್ಕನೆಯವರ ಬಗ್ಗೆ ತಾವೂ ಮೊಬೈಲಿನಲ್ಲಿ ನೋಡಿರುತ್ತೀರಿ. ವಿಡಿಯೋ ಸಾಹೇಬರು. ಕೆಂಚನ ತಲೆಗೆ ಪೊಲೀಸ್ ಟೋಪಿ ಇಟ್ಟು, ಪಕ್ಕದಲ್ಲಿ ಸಾಹೇಬರು ಕಪ್ಪು ಕನ್ನಡಕ ಹಾಕಿ ನಿಂತು, ‘ನನ್ನ ತಲೆ ಗಟ್ಟಿ, ನಿಮ್ಮದು ಅಲ್ಲ, ಹೆಲ್ಮೆಟ್ ಧರಿಸಿ’ ಎಂಬ ಸಂದೇಶ ಕೊಟ್ಟರು. ಹಾರೋಹಳ್ಳಿ ಕಾರ್ಖಾನೆಗೆ ಹೋಗುವ ಹುಡುಗರು ಬಸ್ಸಿನಿಂದ ಇಳಿದು ಕೆಂಚನ ಜೊತೆ ಸೆಲ್ಫಿ ತೆಗೆದುಕೊಳ್ಳಲು ಶುರುಮಾಡಿದರು. ನನ್ನ ವಿದ್ಯಾರ್ಥಿಗಳಂತೂ, “ಮಿಸ್, ಆ ಟಗರು ನಿಮ್ಮನೇದಂತೆ ಹೌದಾ?” ಎಂದು ಕಣ್ಣರಳಿಸಿ ಕೇಳಿದರು. ಹೌದು ಎನ್ನಲು ನನ್ನ ಹತ್ತಿರ ಯಾವ ಆಧಾರವಿತ್ತು? ಸಾಹೇಬರು ಮಾತ್ರ ಒಳ್ಳೆಯವರು, ಬಿಡುವುದಿಲ್ಲ ಎಂದು ಒಂದು ದಿನವೂ ಹೇಳಲಿಲ್ಲ. “ಬಿಡೋ ಸೀನ್ ಗ್ರ್ಯಾಂಡಾಗಿ ತೆಗೀಬೇಕು ಯಜಮಾನ್ರೇ, ನೀವು ಓಡಿ ಬಂದು ತಬ್ಕೋಬೇಕು, ಹಿಂದೆ ಬಂಡೆ ಮೇಲೆ ಸೂರ್ಯ ಇಳೀತಿರಬೇಕು” ಎಂದರು. ಅಪ್ಪನಿಗೆ ಓಡಿ ಬರುವುದನ್ನು ಅಭ್ಯಾಸ ಮಾಡಿಸಿದರು. ಮೊದಲ ಸಲ ಮೋಡ. ಎರಡನೇ ಸಲ ಸೂರ್ಯ ಸರಿಯಾಗಿ ಇಳಿದ, ಕೆಂಚ ಆ ಹೊತ್ತಿಗೆ ಮಲಗಿಬಿಟ್ಟ. ಮೂರನೇ ಸಲಕ್ಕೆ ಸಾಹೇಬರೇ ಇರಲಿಲ್ಲ, ಬ್ಯಾನರು ತಿರುಗಿತ್ತು.

ಮಾನ್ಯರೇ, ಒಂದು ಮಾತು ಕೇಳುತ್ತೇನೆ. ಒಂದು ಠಾಣೆಯ ಮುಖ್ಯಸ್ಥರು ಎಂದರೆ ಯಾರು? ಆ ಊರಿನ ಸಂದುಗೊಂದು ಗೊತ್ತಿರುವವರು, ಬೀಟು ತಪ್ಪಿಸದವರು, ಜನ ನಂಬುವವರು, ಕರೆದಾಗ ಠಾಣೆಯಲ್ಲಿ ಸಿಗುವವರು, ಅಲ್ಲವೇ? ಈ ಲೆಕ್ಕದಲ್ಲಿ ಮೂರು ವರ್ಷದಿಂದ ಬಸವನಬಂಡೆ ಠಾಣೆಯ ಮುಖ್ಯಸ್ಥ ಯಾರೆಂದು ತಾವೇ ಹೇಳಿ. ಕಾನ್‌ಸ್ಟೇಬಲ್‌ಗಳೂ ಅರ್ಧ ಜನ ಬದಲಾದರು. ಹೊಸಬರು ಬಂದಾಗ ಯಾವ ಕಿಟಕಿಯ ಚಿಲಕ ಕೆಟ್ಟಿದೆ, ಯಾವ ಬೀದಿಯಲ್ಲಿ ನಾಯಿ ಕಚ್ಚುತ್ತದೆ ಎಂದು ಹೇಳಿಕೊಡುವವರು ಅಪ್ಪ, ತೋರಿಸಿಕೊಡುವವನು ಕೆಂಚ. ಇಬ್ಬರಿಗೂ ಸಂಬಳವಿಲ್ಲ. ಒಬ್ಬ ಸಾಹೇಬರಿಗೆ ಗುರುತು ಸಾಲಲಿಲ್ಲ, ಒಬ್ಬರಿಗೆ ಮಾಸ, ಒಬ್ಬರಿಗೆ ತೂಕ, ಒಬ್ಬರಿಗೆ ಬೆಳಕು. ಇವರಲ್ಲಿ ಯಾರೂ ಕೆಟ್ಟವರಲ್ಲ. ಇನ್ನೊಂದು ತಿಂಗಳು ಇದ್ದಿದ್ದರೆ ಹುಚ್ಚು ಇಳಿದು ಯಾರಾದರೊಬ್ಬರು ಸಹಿ ಹಾಕುತ್ತಿದ್ದರು ಎಂದೇ ನನ್ನ ನಂಬಿಕೆ. ತಮ್ಮ ಕೈಯಲ್ಲಿ ಮೂರು ವರ್ಷವೆಂದರೆ ಐದು ಆದೇಶ. ಟಗರಿಗೆ ಅದು ಪ್ರಾಯವೆಲ್ಲ ಕಳೆದ ಕಾಲ. ಅಪ್ಪನಿಗೂ ಅಷ್ಟೇನೂ ಚಿಕ್ಕ ಕಾಲವಲ್ಲ. ನನಗೆ ಸಿಟ್ಟು ಬರುವುದು ಇದಕ್ಕೇ.

ಐದನೆಯವರಾಗಿ ಮೇಡಂ ಬಂದರು. ಬಂದ ದಿನವೇ ಮುಂಬಾಗಿಲ ಬೀಗ ತೆಗೆಸಿದರು. ಅಪ್ಪನನ್ನು ಕೂರಿಸಿ ಮೊದಲಿನಿಂದ ಕೇಳಿದರು, ನಡುವೆ ಒಂದು ಸಲ ಮುಖ ತಿರುಗಿಸಿಕೊಂಡು ನಕ್ಕರು ಎಂದು ಗಂಗಯ್ಯ ಹೇಳಿದರು. ಆಮೇಲೆ, “ಪೆರೇಡು ಬೇಡ, ಗುರುತು ಬೇಡ. ಹಗ್ಗ ಬಿಚ್ಚಿ. ಎಲ್ಲಿಗೆ ಹೋಗುತ್ತೋ ನೋಡೋಣ” ಎಂದರು. ಒಂದು ಶನಿವಾರ ಬೆಳಿಗ್ಗೆ ಹಗ್ಗ ಬಿಚ್ಚಿದರು. ಅಪ್ಪ ಮಾತಾಡಬಾರದು, ಮುಂದೆ ಹೋಗಬಾರದು ಎಂದು ಷರತ್ತು. ಕೆಂಚ ಗೇಟು ದಾಟಿ ಪೇಟೆ ಬೀದಿಗೆ ಇಳಿದ. ಹಿಂದೆ ಮೇಡಂ, ಅವರ ಹಿಂದೆ ಗಂಗಯ್ಯ, ಅಪ್ಪ, ನಾನು, ಆಮೇಲೆ ಅರ್ಧ ಊರು. ಕೆಂಚ ಮೊದಲು ಬೇಕರಿಯ ಮುಂದೆ ನಿಂತ. ಅನೀಸಾ ಅಕ್ಕ ಅಭ್ಯಾಸಬಲದಿಂದ ಎದ್ದು ನಿಂತು ಬನ್ನು ಕೊಟ್ಟರು. ಬಾಳೆಹಣ್ಣಿನ ಅಂಗಡಿ ಮುಂದೆ ನಿಂತ, ಒಂದು ಹಣ್ಣು ಆಯಿತು. ಅಡ್ಡ ನಿಲ್ಲಿಸಿದ್ದ ಒಂದು ಬೈಕನ್ನು ಮೂಸಿ ನೋಡಿ ಒಂದು ಗುದ್ದು ಗುದ್ದಿದ, ಬೈಕಿನವನು ಓಡಿ ಬಂದು, “ತೆಗೀತೀನಿ ಸಾರ್” ಎಂದ. ಯಾರಿಗೆ ಹೇಳಿದನೋ ಗೊತ್ತಿಲ್ಲ. ಬೀಟು ಮುಗಿಸಿಕೊಂಡು ಮತ್ತೆ ಠಾಣೆಗೇ ಹೋಗುತ್ತಾನೆಂದೇ ನಾನು ಅಂದುಕೊಂಡೆ. ಅಪ್ಪ ಷರತ್ತಿಗೆ ಕಟ್ಟುಬಿದ್ದು ಚಕಾರ ಎತ್ತಲಿಲ್ಲ. ಬೀದಿಯ ಕೊನೆಯಲ್ಲಿ ಕೆಂಚ ಸುಮ್ಮನೆ ನಿಂತ. ಆಮೇಲೆ ಎಡಕ್ಕೆ ಹೊರಳಿದ. ಅರಳಿಕಟ್ಟೆ ದಾಟಿ, ಹಾಲಿನ ಡೈರಿ ದಾಟಿ, ನಮ್ಮ ಬೀದಿಗೆ ಬಂದು, ತೆರೆದೇ ಇದ್ದ ನಮ್ಮ ದೊಡ್ಡಿಯೊಳಗೆ ಹೋಗಿ, ಮೂರು ವರ್ಷದ ಹಿಂದೆ ಕಟ್ಟುತ್ತಿದ್ದ ಗೂಟದ ಪಕ್ಕ ಕಾಲು ಮಡಿಸಿ ಮಲಗಿದ.

ನನ್ನ ಅವ್ವ ಒಳಗಿನಿಂದ ಬಂದು ನೋಡಿ, “ಬಂದ್ಯಾ? ಬಾ. ಈಗ ಬಂದ್ನಲ್ಲ ದೊರೆ!” ಎಂದು ಬೈಯುತ್ತಾ ಅಳತೊಡಗಿದಳು. ಅಳುವುದನ್ನು ನಾನು ಕಂಡಿದ್ದರಿಂದ ನನಗೂ ಎರಡು ಬೈಗುಳ ಬಿತ್ತು. ಮೇಡಂ ಟೋಪಿ ತೆಗೆದು, “ಆಯ್ತು ಬೀರಲಿಂಗಯ್ಯನವರೇ, ನನಗೆ ಖಾತ್ರಿ ಆಯ್ತು” ಎಂದರು. ಮಾನ್ಯರೇ, ಆ ಹೊತ್ತಿನಲ್ಲಿ ಒಂದು ಹಾಳೆ, ಒಂದು ಪೆನ್ನು ಇದ್ದಿದ್ದರೆ! ಟೈಪ್ ಮಾಡುವವರು ಶನಿವಾರ ರಜೆ, ಭಾನುವಾರ ಹೇಗೂ ರಜೆ. ಸೋಮವಾರ ವರದಿ ಮಾಡಿ ಸಹಿ ಹಾಕುತ್ತೇನೆ, ಅಲ್ಲಿಯವರೆಗೆ ನಿಯಮದ ಪ್ರಕಾರ ಮಾಲು ಠಾಣೆಯಲ್ಲೇ ಇರಬೇಕು ಎಂದರು. ಮನೆಗೆ ಬಂದು ಮಲಗಿದ್ದವನನ್ನು ಅಪ್ಪ ತಾವೇ ಎಬ್ಬಿಸಿ, ತಾವೇ ಹಗ್ಗ ಹಾಕಿ, ಠಾಣೆಗೆ ನಡೆಸಿಕೊಂಡು ಹೋದರು. ಕೆಂಚ ದಾರಿಯುದ್ದಕ್ಕೂ ತಿರುಗಿ ತಿರುಗಿ ನೋಡುತ್ತಿದ್ದ. ಸೋಮವಾರ ಮೇಡಂ ಪೆನ್ನಿನ ಕ್ಯಾಪ್ ತೆಗೆಯುವ ಮೊದಲೇ ತಮ್ಮ ಆದೇಶ ಬಂದಿತ್ತು: ತಕ್ಷಣದಿಂದ ಕಾರ್ಯಮುಕ್ತರಾಗತಕ್ಕದ್ದು. ಈ ಒಂದು ಸಲವಾದರೂ ಮಧ್ಯಾಹ್ನದ ಊಟದವರೆಗೆ ತಡೆದುಕೊಳ್ಳಲು ತಮ್ಮಿಂದ ಆಗಲಿಲ್ಲವೇ? ಏನು ಕೊಳ್ಳೆ ಹೋಗುತ್ತಿತ್ತು?

ಈಗ ಪಕ್ಕದೂರಿನ ಅಧಿಕಾರಿಯೊಬ್ಬರು ನಮ್ಮ ಠಾಣೆಗೆ ಪ್ರಭಾರಿಗಳು. ಅವರನ್ನು ನಾವು ಯಾರೂ ನೋಡಿಲ್ಲ, ಫೋನಿನಲ್ಲಿದ್ದಾರೆ. ಪ್ರಭಾರಿಗಳಿಗೆ ಟಗರನ್ನು ಬಿಡುವ ಅಧಿಕಾರ ಇಲ್ಲವಂತೆ, ಹರಾಜು ಹಾಕುವ ಅಧಿಕಾರ ಇದೆಯಂತೆ. ಠಾಣೆ ಸ್ವಚ್ಛ ಮಾಡುವ ಅಭಿಯಾನವಂತೆ. ಮೂರು ವರ್ಷದಿಂದ ಖಾತ್ರಿಯಾಗದ ಮಾಲು ಎಂದರೆ ಅದಕ್ಕೆ ಹೇಳುವವರು ಕೇಳುವವರು ಇಲ್ಲ ಎಂದರ್ಥವಂತೆ. ಹಳೆ ಸೈಕಲ್ಲು, ತುಕ್ಕು ಹಿಡಿದ ಬೈಕು, ಒಂದು ಗ್ರೈಂಡರು, ಒಂದು ಟಗರು ಎಂದು ನೋಟಿಸಿನಲ್ಲಿದೆ. ಹೆದ್ದಾರಿಯಲ್ಲಿ ನಾಟಿ ಸ್ಟೈಲ್ ಹೋಟೆಲು ನಡೆಸುವ ದೇವರಾಜ್ ಎನ್ನುವವರು ಮೊನ್ನೆ ಬಂದು ಸೈಕಲ್ಲನ್ನೂ ಗ್ರೈಂಡರನ್ನೂ ನೋಡದೆ ನೇರವಾಗಿ ಕೆಂಚನ ಹತ್ತಿರ ಹೋಗಿ, ಬೆನ್ನಿನ ಮೇಲೆ ಅಂಗೈ ಇಟ್ಟು ಒತ್ತಿ ನೋಡಿದರು. ಆ ಒತ್ತುವುದು ಏನೆಂದು ಕುರಿ ಸಾಕಿದವರಿಗೆ ಗೊತ್ತು. ಅಪ್ಪ ಅಲ್ಲೇ ಸೊಪ್ಪು ಹಿಡಿದುಕೊಂಡು ನಿಂತಿದ್ದರು. “ಒಳ್ಳೆ ಮಾಲು. ಯಾರುದು ಯಜಮಾನ್ರೇ?” ಎಂದು ದೇವರಾಜ್ ಅಪ್ಪನನ್ನೇ ಕ್ಷೇಮಸಮಾಚಾರದ ಹಾಗೆ ಕೇಳಿದರಂತೆ. ಅಪ್ಪ ಹಿಡಿದಿದ್ದ ಸೊಪ್ಪನ್ನು ಕೆಂಚನ ಬಾಯಿಗೆ ಕೊಟ್ಟರಂತೆ.

ಅವತ್ತು ಮನೆಗೆ ಬಂದು ಊಟಕ್ಕೆ ಕೂತವರು ನನ್ನನ್ನು ಕೇಳಿದರು: “ವರಾ, ಹರಾಜ್ನಲ್ಲಿ ನಾನೂ ಕೂಗ್ಬೋದಾ?” ಕೂಗಬಹುದು ಎಂದೆ. ಮುದ್ದೆ ಮುರಿಯುತ್ತಾ, “ನನ್ ಟಗರ ನಾನೇ ಕೊಂಡ್ಕಂಡ್ರೆ, ನಂದಲ್ಲ ಅಂತ ಒಪ್ಕಂಡಂಗೆ ಆಯ್ತದಲ್ವಾ ಮಗಾ?” ಎಂದರು. ನಾನು ಎಂ.ಎ. ಓದಿದವಳು, ಚಿನ್ನದ ಪದಕವೂ ಬಂದಿದೆ. ನನಗೆ ಉತ್ತರ ಹೊಳೆಯಲಿಲ್ಲ. ತಮಗೆ ಹೊಳೆದರೆ ದಯಮಾಡಿ ತಿಳಿಸಿ.

ನನ್ನ ಬೇಡಿಕೆ ದೊಡ್ಡದಲ್ಲ. ಗುರುವಾರಕ್ಕೆ ಮುಂಚೆ ಬಸವನಬಂಡೆ ಠಾಣೆಗೆ ಒಬ್ಬರನ್ನು ಕಳಿಸಿ. ಮೇಡಂ ಅವರನ್ನೇ ಅರ್ಧ ದಿನಕ್ಕೆ ವಾಪಸ್ ಕಳಿಸಿದರೆ ಸಂತೋಷ. ಆಗದಿದ್ದರೆ ಯಾರಾದರೂ ಆದೀತು. ಊದುವವರಾಗಲಿ, ಓಡುವವರಾಗಲಿ, ಬಾಗಿಲು ತಿರುಗಿಸುವವರಾಗಲಿ, ನಮಗೆ ಎಲ್ಲರೂ ಅಭ್ಯಾಸವಾಗಿದ್ದಾರೆ. ಅವರು ನಮ್ಮೂರನ್ನು ಉದ್ಧಾರ ಮಾಡಬೇಕಾಗಿಲ್ಲ. ಒಂದು ಸಹಿ ಹಾಕುವವರೆಗೆ ಮಾತ್ರ ಅವರನ್ನು ಅಲ್ಲಿಂದ ಎತ್ತಬೇಡಿ. ಇದಕ್ಕೂ ಆಗುವುದಿಲ್ಲ ಎನ್ನುವುದಾದರೆ ಅದನ್ನಾದರೂ ಬರೆದು ತಿಳಿಸಿ.

ಮತ್ತೆ, ಸ್ವಲ್ಪ ಬೇಗ ಆಗಬೇಕು. ಯಾಕೆಂದರೆ ನಿನ್ನೆಯಿಂದ ಅಪ್ಪ ಠಾಣೆಯ ಹಿಂದಿನ ಬಯಲಿನಲ್ಲಿ ಕೆಂಚನಿಗೆ ಕುಂಟುವುದನ್ನು ಕಲಿಸುತ್ತಿದ್ದಾರೆ. ಕುಂಟ ಟಗರನ್ನು ಹರಾಜಿನಲ್ಲಿ ಯಾರೂ ಕೂಗುವುದಿಲ್ಲ ಎಂಬುದು ಅವರ ಲೆಕ್ಕ. ಮುಂಗಾಲಿಗೆ ಹಳೇ ಪಂಚೆಯ ಚೂರು ಸುತ್ತಿ, “ಹಿಂಗೆ ಕಣ್ಲಾ, ಒಸಿ ಹಿಂಗೆ” ಎನ್ನುತ್ತಾ ತಾವೇ ಮುಂದೆ ಮುಂದೆ ಕುಂಟಿಕೊಂಡು ನಡೆದು ತೋರಿಸುತ್ತಾರೆ. ಕೆಂಚ ಹಿಂದಿನಿಂದ ಚೆನ್ನಾಗಿಯೇ ನಡೆದುಕೊಂಡು ಹೋಗುತ್ತಾನೆ. ಕುಂಟುವುದು ಅಪ್ಪ ಒಬ್ಬರೇ. ಅವರಿಗೆ ಮೊದಲೇ ಮಂಡಿ ನೋವು.

ಇಂತಿ,
ಕದ್ದವನ ಮೇಲೆ ಈಗ ಸಿಟ್ಟೇ ಉಳಿದಿಲ್ಲದ,
ವರಲಕ್ಷ್ಮಿ ಬೀರಲಿಂಗಯ್ಯ
ಬಸವನಬಂಡೆ